ಉಗುರು ಕಚ್ಚಿದರೆ ದವಡೆಗೆ ಏನಾಗುತ್ತದೆ?



ವಾರದ ಸಭೆಯಲ್ಲಿ ಎಲ್ಲರೂ ಗುಂಡಗೆ ಕುಳಿತು ಉಳಿತಾಯದ ಹಣ ಎಣಿಸುವಾಗ ಒಮ್ಮೆ ಸುತ್ತಲೂ ಕಣ್ಣಾಡಿಸಿ ನೋಡಿ. ಈ ವಾರದ ಕಂತು ಹೊಂದಿಸಲಾಗದೆ ಬಂದವಳ ಕೈ ಬಾಯಿಯ ಹತ್ತಿರ ಇರುತ್ತದೆ. ತಾಯಿಯ ಮಗ್ಗುಲಲ್ಲಿ ಕುಳಿತ ಹುಡುಗಿ ಹೆಬ್ಬೆರಳಿನ ಉಗುರನ್ನು ಮುಂದಿನ ಹಲ್ಲಿನಿಂದ ಕೆರೆಯುತ್ತಿರುತ್ತಾಳೆ. "ಏ ಹುಡುಗಿ, ಉಗುರು ಕಡೀಬ್ಯಾಡ, ದರಿದ್ರ ಬರತೈತಿ" ಎಂದು ಹಿರಿಯಳೊಬ್ಬಳು ಗದರಿಸುತ್ತಾಳೆ. ಕೈ ಕೆಳಗೆ ಇಳಿಯುತ್ತದೆ. ಐದು ನಿಮಿಷಕ್ಕೆ ಮತ್ತೆ ಮೇಲೆ ಏರುತ್ತದೆ.

ದರಿದ್ರದ ಮಾತು ಹಾಗಿರಲಿ. ಉಗುರಿನ ಸಂದಿಯ ಹೊಲಸು ಹೊಟ್ಟೆಗೆ ಹೋಗಿ ಜಂತುಹುಳು ಆಗುತ್ತವೆ ಎಂಬುದನ್ನು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಕೇಳಿದ್ದೇವೆ, ಅದು ನಿಜ. 2015ರಿಂದ ಫೆಬ್ರವರಿ 10ರಂದು ಜಂತುಹುಳು ನಿವಾರಣಾ ದಿನದಲ್ಲಿ ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುವುದೂ ಇದೇ ಹುಳುಗಳ ಸಲುವಾಗಿ. ಆದರೆ ಉಗುರು ಕಚ್ಚುವ ಚಟ ದವಡೆಗೂ ತ್ರಾಸು ಕೊಡುತ್ತದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. "ಉಗುರು ಎಷ್ಟು, ದವಡಿ ಎಷ್ಟು? ಇದಕ್ಕೂ ಅದಕ್ಕೂ ಏನ್ ಸಂಬಂಧ?" ಎಂದು ನಗುತ್ತಾರೆ.

ಸಂಬಂಧ ಇದೆ. ಅದನ್ನು ತಿಳಿದುಕೊಳ್ಳಬೇಕಾದ ಕಾರಣವೂ ಇದೆ. ದವಡೆಯ ಕೀಲಿನ ನೋವನ್ನು ಕಿವಿ ನೋವು ಎಂದು ತಿಳಿದು ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಳ್ಳುವವರಿದ್ದಾರೆ. ಹಲ್ಲು ನೋವು ಎಂದು ತಿಳಿದು ಗಟ್ಟಿಮುಟ್ಟಾದ ದವಡೆ ಹಲ್ಲನ್ನೇ ಕೀಳಿಸಿಕೊಳ್ಳುವವರೂ ಇದ್ದಾರೆ. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ, ನೋವು ಮಾತ್ರ ಅಲ್ಲೇ ಉಳಿಯುತ್ತದೆ.

ಮೊದಲಿಗೆ ಒಂದು ಧೈರ್ಯದ ಮಾತು. ಉಗುರು ಕಚ್ಚಿದ್ದಕ್ಕೇ ದವಡೆಯ ದೊಡ್ಡ ಎಲುಬು ಸೊಟ್ಟಗಾಗುವುದಿಲ್ಲ, ಸವೆದು ಮುರಿಯುವುದೂ ಇಲ್ಲ. ಹಾಗೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಪೆಟ್ಟು ಬೀಳುವುದು ಬೇರೆ ಮೂರು ಕಡೆ: ಕಿವಿಯ ಮುಂದಿರುವ ದವಡೆಯ ಕೀಲಿಗೆ, ದವಡೆಯನ್ನು ಎತ್ತಿ ಇಳಿಸುವ ಸ್ನಾಯುಗಳಿಗೆ, ಮತ್ತು ಮುಂದಿನ ಹಲ್ಲಿನ ಬೇರನ್ನು ಹಿಡಿದುಕೊಂಡಿರುವ ತೆಳ್ಳನೆಯ ಎಲುಬಿನ ಅಂಚಿಗೆ.

ಕೀಲು ಎಲ್ಲಿದೆ?

ಓದುವುದನ್ನು ಒಂದು ಕ್ಷಣ ನಿಲ್ಲಿಸಿ. ಎರಡೂ ಕೈಗಳ ತೋರುಬೆರಳನ್ನು ಎರಡೂ ಕಿವಿಗಳ ಮುಂದೆ, ಕಿವಿಯ ತೂತಿಗೆ ಹತ್ತಿಕೊಂಡಂತೆ ಇಟ್ಟು ಬಾಯಿಯನ್ನು ನಿಧಾನಕ್ಕೆ ತೆರೆದು ಮುಚ್ಚಿ. ಬೆರಳಿನ ಕೆಳಗೆ ಗುಂಡನೆಯದೊಂದು ಹೊರಳುವುದು ತಿಳಿಯುತ್ತದಲ್ಲವೇ? ಅದೇ ಕೀಲು. ಮೇಲಿನ ದವಡೆ ತಲೆಬುರುಡೆಗೆ ಅಂಟಿಕೊಂಡೇ ಇದೆ, ಅದು ಅಲುಗುವುದಿಲ್ಲ. ನಾವು ಮಾತಾಡುವಾಗ, ರೊಟ್ಟಿ ಅಗಿಯುವಾಗ, ಆಕಳಿಸುವಾಗ ಅಲುಗುವುದು ಕೆಳಗಿನ ದವಡೆ ಮಾತ್ರ. ಅದು ತೊಟ್ಟಿಲಿನ ಹಾಗೆ ಎರಡು ಬದಿಯ ಎರಡು ಕೀಲುಗಳಿಂದ ತೂಗಿಕೊಂಡಿದೆ. ಎಲುಬಿಗೆ ಎಲುಬು ತಿಕ್ಕಬಾರದೆಂದು ಕೀಲಿನ ನಡುವೆ ಒಂದು ಸಣ್ಣ ಮೆತ್ತೆ ಇದೆ.

ಈಗ ಬೆರಳು ಅಲ್ಲೇ ಇರಲಿ. ಉಗುರು ಕಚ್ಚುವವರಂತೆ ಕೆಳಗಿನ ಮುಂದಿನ ಹಲ್ಲುಗಳ ತುದಿಯನ್ನು ಮೇಲಿನ ಹಲ್ಲುಗಳ ತುದಿಗೆ ಸರಿಯಾಗಿ ತಂದು ನಿಲ್ಲಿಸಿ. ಕೆಳಗಿನ ಹಲ್ಲು ಸಾಮಾನ್ಯವಾಗಿ ಮೇಲಿನ ಹಲ್ಲಿನ ಹಿಂದೆ ಕೂರುತ್ತದೆ. ತುದಿಗೆ ತುದಿ ಕೂಡಿಸಬೇಕೆಂದರೆ ಇಡೀ ದವಡೆ ಮುಂದಕ್ಕೆ ಸರಿಯಬೇಕು. ಬೆರಳಿನ ಕೆಳಗಿನ ಗುಂಡು ತನ್ನ ಗುಳಿಯಿಂದ ಮುಂದಕ್ಕೆ ಜಾರಿದ್ದು ನಿಮಗೇ ತಿಳಿಯುತ್ತದೆ. ಉಗುರು ಕಚ್ಚುವವರು ಹೀಗೆ ದವಡೆಯನ್ನು ಮುಂದೆ ಚಾಚಿ ಬಿಗಿಹಿಡಿದೇ ಕೆರೆಯುತ್ತಾರೆ. ದಿನಕ್ಕೆ ಒಮ್ಮೆ ಅಲ್ಲ, ಹತ್ತಾರು ಸಲ. ಟಿವಿ ಧಾರಾವಾಹಿಯ ಅಳುವ ಭಾಗ ಬಂದರಂತೂ ಲೆಕ್ಕವೇ ಇಲ್ಲ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಒಲೆಯ ಮುಂದಿನ ಇಕ್ಕಳ ನೆನೆಸಿಕೊಳ್ಳಿ. ಒಂದು ತುದಿ ಕೂಡಿಕೊಂಡಿರುತ್ತದೆ, ನಡುವೆ ನಾವು ಹಿಡಿದು ಒತ್ತುತ್ತೇವೆ, ಇನ್ನೊಂದು ತುದಿ ಕೆಂಡವನ್ನು ಹಿಡಿಯುತ್ತದೆ. ನಮ್ಮ ಕೈಯ ಹತ್ತಿರವೇ ಇರುವುದನ್ನು ಹಿಡಿಯಲು ಸ್ವಲ್ಪ ಬಲ ಸಾಕು. ತುದಿಯಲ್ಲಿ ಗಟ್ಟಿಯಾಗಿ ಹಿಡಿಯಬೇಕೆಂದರೆ ಹೆಚ್ಚು ಒತ್ತಬೇಕು, ಕೂಡಿಕೊಂಡ ಕಡೆಗೂ ಭಾರ ಹೆಚ್ಚು. ದವಡೆಯೂ ಹಾಗೆಯೇ. ಕೂಡಿಕೊಂಡ ಕಡೆ ಕೀಲು, ನಡುವೆ ಸ್ನಾಯುಗಳು, ತುದಿಯಲ್ಲಿ ಮುಂದಿನ ಹಲ್ಲು. ದವಡೆ ಹಲ್ಲಿನಿಂದ ಅಗಿಯುವಾಗ ಬೀಳುವುದಕ್ಕಿಂತ ಹೆಚ್ಚು ಭಾರ, ಅಷ್ಟೇ ಬಲದಿಂದ ಮುಂದಿನ ಹಲ್ಲಿನಲ್ಲಿ ಕಚ್ಚುವಾಗ ಕೀಲಿನ ಮೇಲೆ ಬೀಳುತ್ತದೆ. ದೇವರು ಮುಂದಿನ ಹಲ್ಲು ಕೊಟ್ಟದ್ದು ಪೇರಲಕಾಯಿಯ ಒಂದು ತುಂಡು ಕತ್ತರಿಸಿ ಒಳಗೆ ತಳ್ಳುವುದಕ್ಕೆ. ತಾಸುಗಟ್ಟಲೆ ಉಗುರು ಕೆರೆಯುವುದಕ್ಕೆ ಅಲ್ಲ.

ಇಷ್ಟು ಮಾಡಿದವರಿಗೆಲ್ಲ ಕೀಲು ನೋವು ಬಂದೇ ಬರುತ್ತದೆ ಎಂದೇನೂ ಇಲ್ಲ. ಕೀಲು ನೋವಿಗೆ ಕಾರಣ ಹಲವು: ನಿದ್ದೆಯಲ್ಲಿ ಹಲ್ಲು ಕಡಿಯುವುದು, ಬಿದ್ದು ಗದ್ದಕ್ಕೆ ಪೆಟ್ಟಾಗಿರುವುದು, ಸಂಧಿವಾತ, ಮನಸ್ಸಿನ ಚಿಂತೆ, ಹಲ್ಲು ಕಿತ್ತ ಮೇಲೆ ಒಂದೇ ಬದಿಯಲ್ಲಿ ಅಗಿಯುವುದು. ಉಗುರು ಕಚ್ಚುವುದು ಇವುಗಳ ಜೊತೆಗೆ ಸೇರುವ ಒಂದು ಕಾರಣ. ಚಿಂತೆ ಇರುವವಳು ಹಗಲು ಉಗುರು ಕಚ್ಚುತ್ತಾಳೆ, ರಾತ್ರಿ ಹಲ್ಲು ಕಡಿಯುತ್ತಾಳೆ. ಕೀಲಿಗೆ ಹಗಲೂ ಬಿಡುವಿಲ್ಲ, ರಾತ್ರಿಯೂ ಬಿಡುವಿಲ್ಲ.

ಹಲ್ಲಿನ ಗೂಟ

ಇನ್ನು ಎಲುಬಿನ ಮಾತು. ಹಲ್ಲು ದವಡೆಯ ಎಲುಬಿನಲ್ಲಿ ಗೂಟ ಹುಗಿದಂತೆ ನಿಂತಿದೆ. ಬೇರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಅದನ್ನು ಎಲುಬಿಗೆ ಕಟ್ಟಿವೆ. ಎಮ್ಮೆ ಕಟ್ಟಿದ ಗೂಟವನ್ನು ಎಮ್ಮೆ ದಿನವೂ ಒಂದೇ ದಿಕ್ಕಿಗೆ ಜಗ್ಗಿದರೆ ಏನಾಗುತ್ತದೆ? ಆ ಕಡೆ ಮಣ್ಣು ಸಡಿಲಾಗಿ ಕುಳಿ ಅಗಲವಾಗುತ್ತದೆ, ಗೂಟ ವಾಲುತ್ತದೆ. ಹಲ್ಲಿಗೂ ಹಾಗೆಯೇ. ಆದರೆ ಎಲುಬು ಮಣ್ಣಿನಂತೆ ನಿರ್ಜೀವವಲ್ಲ. ಒತ್ತಡ ಬಿದ್ದ ಕಡೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದಾಗಿ ಬೆಳೆಯುತ್ತದೆ. ಹಲ್ಲಿಗೆ ತಂತಿ ಹಾಕಿ ಸೊಟ್ಟ ಹಲ್ಲನ್ನು ನೆಟ್ಟಗೆ ಮಾಡುವ ಡಾಕ್ಟರು ಬಳಸುವುದು ಇದೇ ಗುಣವನ್ನು. ಅವರು ಲೆಕ್ಕ ಹಾಕಿ, ಹಗುರವಾಗಿ, ಬೇಕಾದ ದಿಕ್ಕಿಗೆ ಒತ್ತುತ್ತಾರೆ. ಉಗುರು ಕಚ್ಚುವ ಮಗು ಲೆಕ್ಕವಿಲ್ಲದೆ, ಬೇಡವಾದ ದಿಕ್ಕಿಗೆ ಒತ್ತುತ್ತದೆ. ಹೀಗೆ ವರ್ಷಗಟ್ಟಲೆ ಆದಾಗ ಮುಂದಿನ ಒಂದು ಹಲ್ಲು ತಿರುಗಿಕೊಳ್ಳಬಹುದು, ಒಂದರ ಮೇಲೊಂದು ಏರಬಹುದು, ತುದಿ ಸವೆದು ಗರಗಸದಂತಾಗಬಹುದು.

ಬೇರಿನ ತುದಿಯೂ ಕರಗಿ ಗಿಡ್ಡವಾಗುವುದುಂಟು. ಸ್ವೀಡನ್ ದೇಶದ ದಂತ ವೈದ್ಯರು 1980ರ ದಶಕದಲ್ಲಿ ಇದನ್ನು ಎಕ್ಸ್‌ರೇ ಇಟ್ಟು ನೋಡಿ, ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳಲ್ಲಿ ಉಗುರು ಕಚ್ಚುವವರಿಗೆ ಬೇರು ಕರಗುವುದು ಹೆಚ್ಚು ಎಂದು ಬರೆದರು. ಆದ್ದರಿಂದ ಮಗಳಿಗೆ ತಂತಿ ಹಾಕಿಸಲು ಸಂಘದಿಂದ ಸಾಲ ತೆಗೆಯುವ ತಾಯಂದಿರಿಗೆ ನಾವು ಹೇಳುವುದಿಷ್ಟೇ: ಮೊದಲು ಉಗುರು ಕಚ್ಚುವುದನ್ನು ಬಿಡಿಸಿ, ಆಮೇಲೆ ತಂತಿ. ಇಲ್ಲದಿದ್ದರೆ ಒಂದು ಕಡೆ ಡಾಕ್ಟರು ಎಳೆಯುತ್ತಾರೆ, ಇನ್ನೊಂದು ಕಡೆ ಮಗಳು ಎಳೆಯುತ್ತಾಳೆ.

ಅಪರೂಪಕ್ಕೆ ಇನ್ನೊಂದು ತೊಂದರೆ ಆಗುತ್ತದೆ. ಕಚ್ಚಿದ ಉಗುರಿನ ಚೂರು ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಸಿಕ್ಕಿಕೊಂಡು, ಮುಳ್ಳು ಮುರಿದ ಜಾಗ ಕೀವಾಗುವಂತೆ ಕೀವಾಗುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಆ ಹಲ್ಲಿನ ಸುತ್ತಲಿನ ಎಲುಬು ಕರಗಿ ಹಲ್ಲು ಅಲುಗತೊಡಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇಂಥ ಸೋಂಕು ಬೇಗ ಹಬ್ಬುತ್ತದೆ, ನಿಧಾನಕ್ಕೆ ಮಾಯುತ್ತದೆ. ಬೆರಳಿನ ಉಗುರಿನ ಬುಡದಲ್ಲಿ ಆಗುವ ಉಗುರುಸುತ್ತಿಗೂ ಇದೇ ಮಾತು.

ನಮ್ಮ ನೀರು, ನಮ್ಮ ನೂಲು

ಎಲ್ಲ ಊರಿನ ಹಲ್ಲು ಒಂದೇ ಅಲ್ಲ. ಬಾಗಲಕೋಟೆ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ, ಅದರಲ್ಲೂ ಹುನಗುಂದ-ಇಳಕಲ್ ಭಾಗದಲ್ಲಿ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರ ಮೇಲೆ ಹೋಗಬಾರದು ಎಂದು ನಿಯಮ. ಸುಮಾರು ಎಂಟು ವರ್ಷದೊಳಗೆ, ದಂತ ಇನ್ನೂ ಒಸಡಿನೊಳಗೆ ರೂಪುಗೊಳ್ಳುವಾಗ, ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಚುಕ್ಕೆ, ಹಳದಿ-ಕಂದು ಪಟ್ಟೆ ಮೂಡುತ್ತದೆ. ಬಹಳ ಹೆಚ್ಚಾಗಿದ್ದರೆ ಹಲ್ಲಿನ ಹೊರಗಿನ ಗಾಜಿನಂಥ ಪದರ ಸಡಿಲಾಗಿರುತ್ತದೆ. ನೋಡಲು ಗಟ್ಟಿ, ಆದರೆ ಹಳೆಯ ಗೋಡೆಯ ಗಿಲಾವಿನಂತೆ ಚಕ್ಕೆ ಎದ್ದು ಬರುತ್ತದೆ. ಇಂಥ ಹಲ್ಲಿನವರು ಉಗುರು ಕಚ್ಚಿದರೆ ಚಕ್ಕೆ ಬೇಗ ಹಾರುತ್ತದೆ. ಕಲೆ ಬಿದ್ದ ಹಲ್ಲಿಗೆ ನಾಚಿ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ, ಹಿಡಿದ ಕೈ ಉಗುರು ಕಚ್ಚಲು ಶುರು ಮಾಡುತ್ತದೆ. ಇದನ್ನೂ ನೋಡಿದ್ದೇವೆ. ಆ ಹುಡುಗಿಯರಿಗೆ ಬೈಗುಳದಿಂದ ಏನೂ ಪ್ರಯೋಜನವಿಲ್ಲ.

ಇನ್ನು ನೂಲಿನ ಸಂಗತಿ. ಇಳಕಲ್ ಸೀರೆಯ ಮನೆಗಳಲ್ಲಿ, ಗುಳೇದಗುಡ್ಡದ ಖಣದ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ ಬಿಡುವಿಲ್ಲ. ಕಂಡಿಕೆ ಸುತ್ತುವುದು, ಹರಿದ ಎಳೆ ಗಂಟು ಹಾಕುವುದು, ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಕೂಡಿಸುವುದು, ಕುಚ್ಚು ಕಟ್ಟುವುದು. ಹೊಲಿಗೆ ಯಂತ್ರ ಇಟ್ಟುಕೊಂಡ ಸದಸ್ಯೆಯರು ಬಾದಾಮಿ, ಹುನಗುಂದದ ಸಂಘಗಳಲ್ಲೂ ಬಹಳ. ಕತ್ತರಿ ಪಕ್ಕದಲ್ಲೇ ಇದ್ದರೂ ನೂಲನ್ನು ಹಲ್ಲಿನಿಂದ ಕಟ್ ಎಂದು ಕಡಿಯುವುದೇ ರೂಢಿ. ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬಿದ್ದಿದ್ದರೆ ಅದು ನೂಲಿನದೋ, ಸೂಜಿ-ಟಾಚಣಿ ಹಿಡಿದದ್ದೋ ಇರಬೇಕು. ದರ್ಜಿಯವರ ಹಲ್ಲಿನಲ್ಲಿ ಇಂಥ ಕಚ್ಚು ಇರುವುದನ್ನು ದಂತ ವೈದ್ಯರ ಪುಸ್ತಕಗಳಲ್ಲೇ ಬರೆದಿದ್ದಾರೆ. ದವಡೆಯ ಕೀಲಿಗೆ ನೂಲು ಕಡಿಯುವುದೂ ಉಗುರು ಕಡಿಯುವುದೂ ಒಂದೇ ಲೆಕ್ಕ: ಅದೇ ಮುಂದೆ ಚಾಚಿದ ದವಡೆ, ಅದೇ ತುದಿ ಹಲ್ಲು. ದಿನವಿಡೀ ನೂಲು ಕಡಿದು, ಸಂಜೆ ಟಿವಿ ಮುಂದೆ ಉಗುರು ಕಡಿದರೆ ಕೀಲು ಸುಮ್ಮನಿರುತ್ತದೆಯೇ? ಸಣ್ಣ ಕತ್ತರಿಯೊಂದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಹುಡುಕುವ ಕೆಲಸ ತಪ್ಪಿದರೆ ಹಲ್ಲಿಗೆ ಕೊಡುವ ಕೆಲಸವೂ ತಪ್ಪುತ್ತದೆ. ಶಾಂಪೂ ಚೀಟಿ, ಎಣ್ಣೆ ಪಾಕೀಟು ಹಲ್ಲಿನಿಂದ ಹರಿಯುವುದಕ್ಕೂ ಅದೇ ಕತ್ತರಿ.

ಕೀಲು ನೋವು ಹೇಗೆ ತಿಳಿಯುವುದು?

"ಯಾಕವ್ವಾ, ಕಿವಿ ಹಿಡಕೊಂಡು ಕುಂತೀ?" ಎಂದು ಕೇಳಿದರೆ "ಕಿವಿ ಒಳಗ ಚುಚ್ಚತೈತಿ ಯಕ್ಕಾ, ಸೋರೂದಿಲ್ಲ, ಏನೂ ಇಲ್ಲ" ಎನ್ನುವ ನೋವು ಎಷ್ಟೋ ಸಲ ಕೀಲಿನದೇ. ಅದು ಅಗಿಯುವಾಗ, ಆಕಳಿಸುವಾಗ ಹೆಚ್ಚಾಗುತ್ತದೆ. ಬಾಯಿ ತೆರೆದಾಗ ಕಿವಿಯ ಮುಂದೆ ಕಟಕಟ ಸದ್ದು. ಬೆಳಿಗ್ಗೆ ಎದ್ದಾಗ ದವಡೆ ಬಿಗಿ. ಕಣತಲೆಯ ಹತ್ತಿರ ತಲೆನೋವು. ನೋವಿಲ್ಲದ ಬರೀ ಸದ್ದು ಬಹಳ ಮಂದಿಗೆ ಇರುತ್ತದೆ, ಅದಕ್ಕೆ ಔಷಧ ಬೇಡ. ಸದ್ದಿನ ಜೊತೆ ನೋವು ಇದ್ದರೆ, ಇಲ್ಲವೇ ಬಾಯಿ ನಡುವೆ ಸಿಕ್ಕಿಹಾಕಿಕೊಂಡಂತಾದರೆ ತೋರಿಸಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಈ ಮೂರನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ನಿಮ್ಮದೇ ಬೆರಳು ಇರಲಿ, ಗಂಡನದ್ದಲ್ಲ. ಮೂರೂ ಹಿಡಿಸಿದರೆ ಬಾಯಿ ಸರಿಯಾಗಿ ತೆರೆಯುತ್ತಿದೆ. ಎರಡೇ ಹಿಡಿಸಿದರೆ ಡಾಕ್ಟರ ಹತ್ತಿರ ಹೋಗಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಭಾಗದಲ್ಲಿ ಬಾಯಿ ತೆರೆಯದಿರುವುದಕ್ಕೆ ಕೀಲಿಗಿಂತ ದೊಡ್ಡ ಶತ್ರು ಇದೆ. ಗುಟ್ಕಾ, ಪಾನ್ ಮಸಾಲಾ, ಅಡಿಕೆ ತಿನ್ನುವವರ ಗಲ್ಲದ ಒಳಗಿನ ಮೆತ್ತನೆಯ ಚರ್ಮ ನಾರಿನಂತೆ ಬಿಗಿದುಕೊಂಡು, ಬಾಯಿ ತಿಂಗಳು ತಿಂಗಳಿಗೆ ಚಿಕ್ಕದಾಗುತ್ತಾ ಹೋಗುತ್ತದೆ. ಖಾರ ಬಾಯಿಗೆ ಇಟ್ಟರೆ ಉರಿ, ಗಲ್ಲದ ಒಳಗೆ ಬಿಳುಚು. ಇದು ಕ್ಯಾನ್ಸರಿಗೆ ತಿರುಗಬಹುದಾದ ರೋಗ. ಕೀಲಿನ ತೊಂದರೆಯಲ್ಲಿ ನೋವು ಹೆಚ್ಚು, ಉರಿ ಇರುವುದಿಲ್ಲ. ಅಡಿಕೆಯ ರೋಗದಲ್ಲಿ ಮೊದಲು ಉರಿ, ನೋವು ಕಡಿಮೆ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಕೊಂಡು ಕೂಡಿಸಿಕೊಳ್ಳುವುದು ನಿಮಗೆ ಗೊತ್ತೇ ಇದೆ. "ನಮ್ಮ ಹುಡುಗ ಉಗುರು ಕಡೀತಾನ, ಅದಕ್ಕ ಬಾಯಿ ತೆರಿಯೂದಿಲ್ಲ" ಎಂದು ಸುಮ್ಮನಾಗಬೇಡಿ. ಅವನ ಅಂಗಿಯ ಕಿಸೆ ನೋಡಿ. ಎಲೆ-ಅಡಿಕೆ, ತಂಬಾಕು ಹಾಕುವ ನಮ್ಮ ಹಿರಿಯ ಸದಸ್ಯೆಯರಿಗೂ ಇದು ಅನ್ವಯಿಸುತ್ತದೆ.

ಮತ್ತೊಂದು. ನಡೆದಾಗ, ಭಾರ ಎತ್ತಿದಾಗ ದವಡೆ ನೋವು ಬಂದು, ಎದೆ ಬಿಗಿತ, ಬೆವರು, ಎಡಗೈ ಸೆಳೆತ ಜೊತೆಗಿದ್ದರೆ ಅದು ಹೃದಯದ್ದಾಗಿರಬಹುದು. ಹೆಂಗಸರಲ್ಲಿ ಹೃದಯದ ನೋವು ದವಡೆಯಲ್ಲಿ ಕಾಣಿಸಿಕೊಳ್ಳುವುದುಂಟು. ಆಗ ಹಲ್ಲಿನ ಡಾಕ್ಟರಲ್ಲ, 108ಕ್ಕೆ ಫೋನು ಮಾಡಿ.

ಬಿಡಿಸುವುದು ಹೇಗೆ?

ಮೊದಲು ಯಾರು ಕಚ್ಚುತ್ತಾರೆ ನೋಡೋಣ. ಮಂಗಳೂರಿನ ದಂತ ವೈದ್ಯರು 3ರಿಂದ 16 ವರ್ಷದ 4,590 ಶಾಲಾ ಮಕ್ಕಳನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ 12.7 ಮಕ್ಕಳು ಉಗುರು ಕಚ್ಚುತ್ತಿದ್ದರು. ಬಾಯಿಗೆ ಸಂಬಂಧಿಸಿದ ಕೆಟ್ಟ ಅಭ್ಯಾಸಗಳಲ್ಲಿ ಅದೇ ಮೊದಲನೆಯದು. ಬೆರಳು ಚೀಪುವುದು ಸಣ್ಣ ಮಕ್ಕಳಲ್ಲಿ ಹೆಚ್ಚಿದ್ದರೆ, ಉಗುರು ಕಚ್ಚುವುದು 13ರಿಂದ 16 ವರ್ಷದವರಲ್ಲಿ ಹೆಚ್ಚು, ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿನ ಹುಡುಗಿ, ಮದುವೆಯ ಮಾತು ಕಿವಿಗೆ ಬೀಳುವ ವಯಸ್ಸಿನ ಹುಡುಗಿ. ಮನೆಯಲ್ಲಿ ಅವಳ ಎದುರಿಗೆ ಏನೇನು ಮಾತಾಡುತ್ತೇವೆ ಎಂಬುದನ್ನೂ ಇಲ್ಲಿ ಯೋಚಿಸಬೇಕು.

ನಮ್ಮಲ್ಲಿ ರೂಢಿಯಲ್ಲಿರುವ ಔಷಧ ಮೂರು: ಬೈಯುವುದು, ಕೈಗೆ ಹೊಡೆಯುವುದು, ಬೆರಳಿಗೆ ಖಾರಪುಡಿ ಹಚ್ಚುವುದು. ಬೈದರೆ ಮಗು ಕದ್ದು ಕಚ್ಚುತ್ತದೆ, ಚಿಂತೆ ಹೆಚ್ಚಾಗಿ ಇನ್ನಷ್ಟು ಕಚ್ಚುತ್ತದೆ. ಖಾರಪುಡಿಯ ಬೆರಳು ನಿದ್ದೆಗಣ್ಣಲ್ಲಿ ಕಣ್ಣಿಗೆ ಹೋದರೆ ಆಗುವ ಅನಾಹುತ ಬೇರೆ. ಗೇರೆಣ್ಣೆಯಂಥ ಸುಡುವ ವಸ್ತುವನ್ನಂತೂ ಮುಟ್ಟಲೇಬೇಡಿ. ಕಹಿ ಹಚ್ಚಬೇಕೆಂದರೆ ಬೇವಿನ ಎಲೆ ಅರೆದು ಹಚ್ಚಿ. ಅದು ಚಟ ಬಿಡಿಸುವುದಿಲ್ಲ, ಆದರೆ ಕೈ ಬಾಯಿಗೆ ಹೋದದ್ದು ನೆನಪಾಗುವಂತೆ ಮಾಡುತ್ತದೆ. ಉಗುರು ಕಚ್ಚುವವರಿಗೆ ತಾವು ಕಚ್ಚುತ್ತಿದ್ದೇವೆ ಎಂಬುದೇ ಅರ್ಧ ಸಲ ತಿಳಿದಿರುವುದಿಲ್ಲ. ಆದ್ದರಿಂದ ನೆನಪೇ ದೊಡ್ಡ ಔಷಧ.

1973ರಲ್ಲಿ ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಂಥ ಚಟಗಳಿಗೆ ಒಂದು ವಿಧಾನ ಹೇಳಿಕೊಟ್ಟರು. ದುಡ್ಡು ಬೇಡ, ಮಾತ್ರೆ ಬೇಡ. ಇಂದಿಗೂ ಆಪ್ತ ಸಲಹೆಗಾರರು ಇದನ್ನೇ ಕಲಿಸುತ್ತಾರೆ. ಮೊದಲ ವಾರ ಬಿಡಿಸುವ ಗೋಜಿಗೇ ಹೋಗಬೇಡಿ, ಬರೀ ಲೆಕ್ಕ ಇಡಿ. ಉಳಿತಾಯದ ಪುಸ್ತಕದಂತೆ ಒಂದು ಹಳೆಯ ನೋಟುಬುಕ್ಕಿನಲ್ಲಿ ಕಚ್ಚಿದಾಗಲೆಲ್ಲ ಒಂದು ಗೆರೆ. ಯಾವಾಗ, ಎಲ್ಲಿ, ಆಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆದರೆ ಇನ್ನೂ ಒಳ್ಳೆಯದು. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡಲಿ. ವಾರದ ಕೊನೆಗೆ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ: ಒಬ್ಬಾಕೆಗೆ ಕಂತಿನ ಹಿಂದಿನ ರಾತ್ರಿ, ಒಬ್ಬಾಕೆಗೆ ಗಂಡ ಕುಡಿದು ಬರುವ ಹೊತ್ತು, ಮಗುವಿಗೆ ಗಣಿತದ ಹೋಮ್‌ವರ್ಕು. ಎರಡನೆಯ ವಾರದಿಂದ, ಕೈ ಬಾಯಿಯ ಕಡೆ ಹೊರಟದ್ದು ನೆನಪಾದ ಕೂಡಲೇ ಕೈಯನ್ನು ಮುಷ್ಟಿ ಮಾಡಿ ತೊಡೆಯ ಮೇಲೆ ಇಟ್ಟು ಮೂರು ನಿಮಿಷ ಬಿಗಿಹಿಡಿಯಬೇಕು. ಯಾವುದಾದರೂ ವಸ್ತು ಗಟ್ಟಿಯಾಗಿ ಹಿಡಿದರೂ ನಡೆಯುತ್ತದೆ. ಮುಷ್ಟಿ ಮಾಡಿದ ಕೈ ಉಗುರು ಕಚ್ಚಲಾರದು, ಇಷ್ಟೇ ಗುಟ್ಟು. ಮನೆಯವರ ಕೆಲಸ ಬೈಯುವುದಲ್ಲ, ಕಚ್ಚದೆ ಇದ್ದಾಗ "ಛಲೋ ಮಾಡಿದಿ" ಎನ್ನುವುದು. ಒಂದೆರಡು ವಾರಕ್ಕೆ ಮತ್ತೆ ಕಚ್ಚಿದರೆ ಅದಕ್ಕೆ ಗೆರೆ ಹಾಕಿ ಮುಂದಕ್ಕೆ ಹೋಗಿ.

ಕಚ್ಚಲು ಉಗುರೇ ಇಲ್ಲದಂತೆ ಮಾಡುವುದೂ ಮುಖ್ಯ. ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ, ದೀಪ ಹಚ್ಚಿದ ಮೇಲೆ ಬೇಡ ಎಂದು ಎಷ್ಟೋ ಮನೆಗಳಲ್ಲಿ ಉಗುರು ತೆಗೆಯುವ ದಿನವೇ ಬರುವುದಿಲ್ಲ. ನಿಮ್ಮ ಪದ್ಧತಿ ನಿಮಗಿರಲಿ, ಒಂದು ದಿನವನ್ನಂತೂ ಗೊತ್ತು ಮಾಡಿಕೊಳ್ಳಿ. ಬ್ಲೇಡಿನಿಂದ ತೆಗೆದರೆ ಅಂಚು ಹರಕಾಗಿ ಉಳಿಯುತ್ತದೆ, ಆ ಹರಕನ್ನು ಸರಿ ಮಾಡಲೆಂದೇ ಮತ್ತೆ ಹಲ್ಲು ಹಾಕುತ್ತೇವೆ. ನೇಲ್ ಕಟರ್ ಒಂದು ಮನೆಗೆ ಒಂದಿರಲಿ. ಹುಡುಗಿಯರ ಕೈಗೆ ಗೋರಂಟಿ ಹಚ್ಚಿ. ಚೆಂದ ಕಾಣುವ ಬೆರಳನ್ನು ಕಚ್ಚಲು ಮನಸ್ಸು ಬರುವುದಿಲ್ಲ.

ದವಡೆಗೂ ಒಂದು ಅಭ್ಯಾಸ ಕಲಿಸಬೇಕು: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ. ಊಟ ಮಾಡದಾಗ ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ತಾಗಿಯೇ ಇರಬಾರದು. ನೋವು ಇರುವವರು ಒಂದೆರಡು ವಾರ ಕಟಕ ರೊಟ್ಟಿ ಬಿಟ್ಟು ಬಿಸಿ ರೊಟ್ಟಿಯನ್ನು ಪಲ್ಯ, ಸಾರಿನಲ್ಲಿ ನೆನೆಸಿ ತಿನ್ನಿ, ನುಚ್ಚು, ಅಂಬಲಿ, ಅನ್ನ ಉಣ್ಣಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಯ ಮುಂದೆ ಹತ್ತು-ಹದಿನೈದು ನಿಮಿಷ, ದಿನಕ್ಕೆ ಎರಡು ಸಲ ಇಡಿ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಿ. ಕಿವಿಯೊಳಗೆ ಎಣ್ಣೆ ಬೇಡ.

ಎಲ್ಲಿಗೆ ಹೋಗಬೇಕು?

ಎರಡು-ಮೂರು ವಾರಕ್ಕೂ ನೋವು ಇಳಿಯದಿದ್ದರೆ, ಊತ, ಜ್ವರ, ಕೀವು ಇದ್ದರೆ, ಮೂರು ಬೆರಳು ಹಿಡಿಸದಿದ್ದರೆ, ಮುಂದಿನ ಹಲ್ಲು ಅಲುಗತೊಡಗಿದರೆ ತಡ ಮಾಡಬೇಡಿ. ಆಕಳಿಸಿದಾಗ ತೆರೆದ ಬಾಯಿ ಮುಚ್ಚಲಾಗದೆ ಹಾಗೇ ನಿಂತುಬಿಟ್ಟರೆ ಅದೇ ದಿನ, ಅದೇ ಗಳಿಗೆಗೆ ಹೋಗಿ. ಕೀಲು ತಪ್ಪಿರುತ್ತದೆ, ಮನೆಯಲ್ಲಿ ಯಾರೂ ಜಗ್ಗಿ ಕೂಡಿಸಲು ಹೋಗಬಾರದು. ಬಾದಾಮಿ, ಹುನಗುಂದ, ಇಳಕಲ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಬಿ.ವಿ.ವಿ. ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಮಹಾವಿದ್ಯಾಲಯವೂ ಬಾಗಲಕೋಟೆಯಲ್ಲೇ ಇದೆ.

ಡಾಕ್ಟರು ಕೇಳುವ ಮೊದಲೇ ನೀವು ಹೇಳಬೇಕಾದದ್ದು: ಉಗುರು ಕಚ್ಚುವ, ನೂಲು ಕಡಿಯುವ ಅಭ್ಯಾಸ ಎಷ್ಟು ವರ್ಷದ್ದು, ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ, ಅಡಿಕೆ-ತಂಬಾಕು ಇದೆಯಾ, ಸಕ್ಕರೆ ಕಾಯಿಲೆ ಇದೆಯಾ. ಗರ್ಭಿಣಿಯಾಗಿದ್ದರೆ ಎಕ್ಸ್‌ರೇ ತೆಗೆಯುವ ಮುಂಚೆ ತಿಳಿಸಿ. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ಒಂದು ತಟ್ಟೆಯಂಥದ್ದನ್ನು ಮಾಡಿಕೊಡುತ್ತಾರೆ, ಮಲಗುವಾಗ ಹಾಕಿಕೊಳ್ಳಬೇಕು. ಯಾರಾದರೂ ನೋಡಿದ ಕೂಡಲೇ "ಈ ಹಲ್ಲು ತೆಗೆದುಬಿಡೋಣ" ಎಂದರೆ "ಹಲ್ಲು ಹುಳುಕಾಗಿದೆಯಾ, ನೋವು ಕೀಲಿನದ್ದಲ್ಲವಾ?" ಎಂದು ಒಂದು ಮಾತು ಕೇಳಿ. ಕೇಳುವ ಹಕ್ಕು ನಿಮಗಿದೆ, ಒಬ್ಬರೇ ಕೇಳಲು ಅಂಜಿಕೆಯಾದರೆ ಸಂಘದ ಇನ್ನೊಬ್ಬಾಕೆಯನ್ನು ಜೊತೆಗೆ ಕರೆದುಕೊಂಡು ಹೋಗಿ.